ಟೈಮ್ ಸೀರೀಸ್ ಡೇಟಾಬೇಸ್: ಲಿನಕ್ಸ್ ಸರ್ವರ್‌ನಲ್ಲಿ ನೆಲೆಗೊಳಿಸುವ ಬಗೆ

ಮಳೆಗಾಲ ಬಂತೆಂದರೆ ಕನ್ನಡ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ದಿನವೂ ಅಚ್ಚಾಗುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಒಂದು ದಿನದ ಅಂಕಿಯನ್ನಷ್ಟೇ ನೋಡಿದರೆ ಹೆಚ್ಚೇನೂ ತಿಳಿಯದು. ನಿನ್ನೆ ಎಷ್ಟಿತ್ತು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂದು ಸಾಲಾಗಿ ಇಟ್ಟು ನೋಡಿದಾಗಲೇ ಅಣೆಕಟ್ಟು ತುಂಬುತ್ತಿದೆಯೋ ಬರಿದಾಗುತ್ತಿದೆಯೋ ಗೊತ್ತಾಗುವುದು. ಹೀಗೆ ಹೊತ್ತಿನ ಗುರುತು ಹೊತ್ತು ಒಂದರ ಹಿಂದೊಂದು ಸೇರುತ್ತ ಹೋಗುವ ಅಳತೆಗಳ ಸಾಲನ್ನು ಕಾಲಸರಣಿ ಅಥವಾ ಟೈಮ್ ಸೀರೀಸ್ ಎನ್ನುತ್ತಾರೆ. ಅಂಥ ಸಾಲುಗಳನ್ನು ಬರೆದಿಡುವುದಕ್ಕೆ, ಹುಡುಕುವುದಕ್ಕೆ, ಹಳತಾದ ಮೇಲೆ ಅಳಿಸುವುದಕ್ಕೆ ಎಂದೇ ರೂಪಿಸಿದ ತಂತ್ರಾಂಶ ಟೈಮ್ ಸೀರೀಸ್ ಡೇಟಾಬೇಸ್.

ದಿನಕ್ಕೊಂದು ಅಂಕಿಯಾದರೆ ನೋಟ್‌ಬುಕ್ಕೇ ಸಾಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಇರಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಅವು 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ದಿನಕ್ಕೆ ಒಂದು ಮಾಪಕದಿಂದ 96, ಆರು ಸಾವಿರ ಮಾಪಕಗಳಿಂದ 5,76,000 ಅಳತೆಗಳು. ವಿದ್ಯುತ್ ಜಾಲದ ಕಡೆ ಹೋದರೆ ಲೆಕ್ಕ ಇನ್ನೂ ಏರುತ್ತದೆ. 2012ರ ಜುಲೈ 30 ಮತ್ತು 31ರಂದು ಜಾಲ ಕುಸಿದು ಉತ್ತರ ಭಾರತ ಕತ್ತಲಾದ ಮೇಲೆ ದೇಶದ ಉಪಕೇಂದ್ರಗಳಲ್ಲಿ, ಜಾಲದ ಸ್ಥಿತಿಯನ್ನು ಅಳೆಯುವ ಫೇಸರ್ ಮಾಪನ ಘಟಕಗಳನ್ನು ಅಳವಡಿಸುವ ಕೆಲಸ ಬಿರುಸಾಯಿತು. ಈ ಘಟಕಗಳು ಸೆಕೆಂಡಿಗೆ 25 ಸಲ ವರದಿ ಕಳಿಸುತ್ತವೆ. ಹತ್ತು ಪರಿಮಾಣಗಳನ್ನು ಅಳೆಯುವ ಒಂದೇ ಒಂದು ಘಟಕ ದಿನಕ್ಕೆ 2 ಕೋಟಿ 16 ಲಕ್ಷ ಅಳತೆಗಳನ್ನು ಹುಟ್ಟಿಸುತ್ತದೆ.

ಇಂಥ ಡೇಟಾಬೇಸನ್ನು ಲಿನಕ್ಸ್ ಸರ್ವರ್‌ನಲ್ಲಿ ಇನ್‌ಸ್ಟಾಲ್ ಮಾಡುವ ಆಜ್ಞೆಗಳು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಅದು ವರ್ಷಗಟ್ಟಲೆ ಬಾಳುತ್ತದೆಯೋ, ಮೂರು ತಿಂಗಳಲ್ಲಿ ಡಿಸ್ಕ್ ತುಂಬಿಸಿ ನಿಂತುಬಿಡುತ್ತದೆಯೋ ಎಂಬುದು ಮಾತ್ರ ಆ ಆಜ್ಞೆಗಳಿಗಿಂತ ಮೊದಲೇ ತೀರ್ಮಾನವಾಗಿರುತ್ತದೆ: ಯಾವ ಅಳತೆ, ಎಷ್ಟು ದಿನ, ಯಾವ ಹೆಸರಿನಲ್ಲಿ, ಯಾವ ಗಡಿಯಾರದ ಪ್ರಕಾರ. ಈ ಲೇಖನದ ಹೆಚ್ಚಿನ ಪಾಲು ಆ ತೀರ್ಮಾನಗಳಿಗೇ ಮೀಸಲು.

ಹುಟ್ಟು ಮತ್ತು ಬೆಳವಣಿಗೆ

ಕಾರ್ಖಾನೆಗಳಲ್ಲಿ ಬಾಯ್ಲರ್‌ನ ಉಷ್ಣತೆ, ಕೊಳವೆಯ ಒತ್ತಡಗಳನ್ನು ದಾಖಲಿಸುವ ಹಿಸ್ಟೋರಿಯನ್ ಎಂಬ ತಂತ್ರಾಂಶಗಳು 1980ರ ದಶಕದಿಂದಲೇ ಇದ್ದವು. ಅವು ದುಬಾರಿ, ಮುಚ್ಚಿದ ಪೆಟ್ಟಿಗೆಗಳು. ಮುಕ್ತ ತಂತ್ರಾಂಶದ ದಾರಿ ತೆರೆದದ್ದು ಸ್ವಿಟ್ಜರ್ಲೆಂಡಿನ ಟೋಬಿ ಓಟಿಕರ್. ನೆಟ್‌ವರ್ಕ್ ದಟ್ಟಣೆಯ ನಕ್ಷೆ ಬಿಡಿಸುವ ಎಂಆರ್‌ಟಿಜಿಯನ್ನು 1995ರಲ್ಲಿ ಹೊರತಂದ ಅವರು 1999ರಲ್ಲಿ ಆರ್‌ಆರ್‌ಡಿಟೂಲ್ ಕೊಟ್ಟರು. ಅದರ ಕಡತದ ಗಾತ್ರ ಹುಟ್ಟುವಾಗಲೇ ನಿಗದಿ. ಗಾಣದ ಎತ್ತಿನಂತೆ ಬರವಣಿಗೆ ಅದೇ ವೃತ್ತದಲ್ಲಿ ಸುತ್ತುತ್ತದೆ. ಹೊಸ ಅಳತೆ ಹಳೆಯದರ ಮೇಲೆ ಬಂದು ಕೂರುತ್ತದೆ. ಡಿಸ್ಕ್ ತುಂಬುವ ಪ್ರಶ್ನೆಯೇ ಇಲ್ಲ, ಆದರೆ ಹಳೆಯ ವಿವರ ಸರಾಸರಿಯಾಗಿ ಕರಗಿ ಹೋಗುತ್ತದೆ. ಎಷ್ಟು ದಿನ ಉಳಿಸಬೇಕು ಎಂಬ ಪ್ರಶ್ನೆಯನ್ನು ಬಳಕೆದಾರನ ಮುಂದೆ ಮೊದಲ ದಿನವೇ ಇಟ್ಟದ್ದು ಈ ಉಪಕರಣದ ದೊಡ್ಡತನ.

ಪ್ರವಾಸ ಟಿಕೆಟ್ ಮಾರುವ ಅಮೆರಿಕದ ಆರ್ಬಿಟ್ಜ್ ಕಂಪನಿಯಲ್ಲಿ ಕ್ರಿಸ್ ಡೇವಿಸ್ 2006ರಲ್ಲಿ ಗ್ರಾಫೈಟ್ ಬರೆದರು. 2008ರಲ್ಲಿ ಅದು ಮುಕ್ತವಾಯಿತು. 2010ರಲ್ಲಿ ಸ್ಟಂಬಲ್‌ಅಪಾನ್ ಕಂಪನಿಯಿಂದ ಬಂದ ಓಪನ್‌ಟಿಎಸ್‌ಡಿಬಿ, ಎಚ್‌ಬೇಸ್ ಎಂಬ ದೊಡ್ಡ ಸಂಗ್ರಹದ ಮೇಲೆ ಕುಳಿತು ಅನೇಕ ಯಂತ್ರಗಳಿಗೆ ಹರಡಿಕೊಂಡಿತು. 2012ರಲ್ಲಿ ಸಂಗೀತ ತಾಣ ಸೌಂಡ್‌ಕ್ಲೌಡ್‌ನಲ್ಲಿ, ಹಿಂದೆ ಗೂಗಲ್‌ನಲ್ಲಿದ್ದ ಮ್ಯಾಟ್ ಪ್ರೌಡ್ ಮತ್ತು ಜೂಲಿಯಸ್ ವೋಲ್ಜ್ ಪ್ರೊಮೀಥಿಯಸ್ ಆರಂಭಿಸಿದರು. ಗೂಗಲ್‌ನ ಒಳಬಳಕೆಯ ಬೋರ್ಗ್‌ಮಾನ್ ಅದಕ್ಕೆ ಪ್ರೇರಣೆ. 2016ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಸೇರಿದ ಪ್ರೊಮೀಥಿಯಸ್, ಕುಬರ್ನೆಟೀಸ್ ನಂತರ ಆ ಸಂಸ್ಥೆಯ ಎರಡನೆಯ ಯೋಜನೆ. ಇನ್‌ಫ್ಲಕ್ಸ್‌ಡಿಬಿ ಬಂದದ್ದು 2013ರಲ್ಲಿ, ಪೋಸ್ಟ್‌ಗ್ರೆಸ್‌ನ ಒಳಗೇ ಬೆಸೆದುಕೊಳ್ಳುವ ಟೈಮ್‌ಸ್ಕೇಲ್‌ಡಿಬಿ 2017ರಲ್ಲಿ, ವಿಕ್ಟೋರಿಯಾಮೆಟ್ರಿಕ್ಸ್ ಅದರ ಮರುವರ್ಷ.

ಬೆಂಗಳೂರಿನ ಕಂಪನಿಗಳೂ ಈ ಹಾದಿಯಲ್ಲೇ ನಡೆದವು. ಷೇರು ದಲ್ಲಾಳಿ ಸಂಸ್ಥೆ ಝೆರೋಧಾ ತನ್ನ ಸರ್ವರ್‌ಗಳ ನಿಗಾಕ್ಕೆ ಪ್ರೊಮೀಥಿಯಸ್ ಬಳಸಿದ ಬಗೆಯನ್ನು ಸಾರ್ವಜನಿಕವಾಗಿಯೇ ಬರೆದು ಹಂಚಿಕೊಂಡಿದೆ. ಷೇರುಪೇಟೆ ತೆರೆಯುವುದು ಬೆಳಗ್ಗೆ 9.15ಕ್ಕೆ. ಆ ನಿಮಿಷದಲ್ಲಿ ಯಾವ ಸರ್ವರ್ ಬಳಲುತ್ತಿದೆ ಎಂಬುದು ಆಮೇಲೆ ತಿಳಿದು ಪ್ರಯೋಜನವಿಲ್ಲ.

ಹದಿನಾರು ಬೈಟ್ ಒಂದೂವರೆ ಬೈಟ್ ಆದ ಬಗೆ

ಸಾಮಾನ್ಯ ಡೇಟಾಬೇಸ್‌ನಲ್ಲಿ ಈ ಅಳತೆಗಳನ್ನೆಲ್ಲ ಇಡಬಾರದೇ? ಇಡಬಹುದು, ಸ್ವಲ್ಪ ಕಾಲ ನಡೆಯುತ್ತದೆ ಕೂಡ. ತೊಂದರೆ ಬರುವುದು ಸೂಚಿಯಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ. ಸಾಮಾನ್ಯ ಡೇಟಾಬೇಸ್‌ಗಳ ಬಿ-ಟ್ರೀ ಸೂಚಿ ಸ್ಮೃತಿಯಲ್ಲಿ ಹಿಡಿಸದಷ್ಟು ಬೆಳೆದಾಗ ಪ್ರತಿ ಹೊಸ ಸಾಲಿಗೂ ಡಿಸ್ಕ್‌ನ ಎಲ್ಲೆಲ್ಲೋ ಹುಡುಕಿ ಬರೆಯಬೇಕಾಗುತ್ತದೆ. ಕಾಲಸರಣಿಯ ಸ್ವಭಾವವೇ ಬೇರೆ. ಬರವಣಿಗೆ ಯಾವಾಗಲೂ ತುದಿಯಲ್ಲಿ. ಬರೆದದ್ದನ್ನು ತಿದ್ದುವುದು ಅಪರೂಪ. ಓದುವಾಗ ಒಂದು ಸಾಲಲ್ಲ, ಒಂದು ಅವಧಿ ಪೂರ್ತಿ ಬೇಕು. ಅಳಿಸುವಾಗಲೂ ಹಳೆಯ ತಿಂಗಳೊಂದು ಇಡಿಯಾಗಿ ಹೋಗಬೇಕು.

ಈ ಸ್ವಭಾವವನ್ನು ಚೆನ್ನಾಗಿ ಬಳಸಿಕೊಂಡದ್ದು ಫೇಸ್‌ಬುಕ್‌ನ ಎಂಜಿನಿಯರುಗಳು 2015ರಲ್ಲಿ ಪ್ರಕಟಿಸಿದ ಗೊರಿಲ್ಲಾ ಎಂಬ ಪ್ರಬಂಧ. ಒಂದು ಅಳತೆಗೆ ಹೊತ್ತಿಗೆ 8 ಬೈಟ್, ಬೆಲೆಗೆ 8 ಬೈಟ್, ಒಟ್ಟು 16 ಬೈಟ್ ಬೇಕು. ನಿಮಿಷಕ್ಕೊಮ್ಮೆ ಬರುವ ಅಳತೆಗಳ ನಡುವಿನ ಅಂತರ 60, 60, 61, 59, 60 ಸೆಕೆಂಡ್ ಎಂದಿಟ್ಟುಕೊಳ್ಳಿ. ಪೂರ್ತಿ ಹೊತ್ತನ್ನು ಬರೆಯುವ ಬದಲು ಅಂತರವನ್ನು ಬರೆಯಬಹುದು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಅಂತರಕ್ಕೂ ಅದರ ಹಿಂದಿನ ಅಂತರಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದರೆ ಸಿಗುವುದು 0, 1, -2, 1. ಬಹುಪಾಲು ಸಲ ಅದು ಸೊನ್ನೆ, ಸೊನ್ನೆಗೆ ಒಂದೇ ಬಿಟ್ ಸಾಕು. ಫೇಸ್‌ಬುಕ್‌ನ ದತ್ತಾಂಶದಲ್ಲಿ 96% ಹೊತ್ತುಗಳು ಹೀಗೆ ಒಂದು ಬಿಟ್‌ಗೆ ಇಳಿದವು. ಬೆಲೆಯನ್ನೂ ಹಿಂದಿನ ಬೆಲೆಯೊಡನೆ ಬಿಟ್ ಬಿಟ್ಟಾಗಿ ಹೋಲಿಸಿ, ಬದಲಾದ ಬಿಟ್‌ಗಳನ್ನು ಮಾತ್ರ ಬರೆದರು. ಅರ್ಧಕ್ಕೂ ತುಸು ಹೆಚ್ಚು ಬೆಲೆಗಳು ಬದಲಾಗಿರಲೇ ಇಲ್ಲ. ಕೊನೆಗೆ 16 ಬೈಟ್ ಸರಾಸರಿ 1.37 ಬೈಟ್‌ಗೆ ಬಂದು ನಿಂತಿತು. 2017ರ ನವೆಂಬರ್‌ನಲ್ಲಿ ಬಂದ ಪ್ರೊಮೀಥಿಯಸ್ ಎರಡನೆಯ ಆವೃತ್ತಿಯ ಸಂಗ್ರಹವೂ ಇದೇ ತಂತ್ರದ ಮೇಲೆ ನಿಂತಿದೆ; ಒಂದು ಅಳತೆಗೆ 1ರಿಂದ 2 ಬೈಟ್ ಎಂಬುದು ಅದರ ಕೈಪಿಡಿ ಕೊಡುವ ಲೆಕ್ಕ.

ಮಳೆಮಾಪಕಗಳಿಗೆ ಇದನ್ನು ಅನ್ವಯಿಸಿ ನೋಡಬಹುದು. ವರ್ಷಕ್ಕೆ ಸುಮಾರು 21 ಕೋಟಿ ಅಳತೆಗಳು. ಕುಗ್ಗಿಸದೆ ಇಟ್ಟರೆ 3.4 ಗಿಗಾಬೈಟ್, ಒಂದೂವರೆ ಬೈಟ್ ಲೆಕ್ಕದಲ್ಲಿ 315 ಮೆಗಾಬೈಟ್. ಮಳೆಯಿಲ್ಲದ ದಿನಗಳಲ್ಲಿ ಸೊನ್ನೆಯ ಹಿಂದೆ ಸೊನ್ನೆ ಬರುವುದರಿಂದ ಅದೂ ಬೇಕಾಗದು. ಇಡೀ ರಾಜ್ಯದ ಒಂದು ವರ್ಷದ ಮಳೆ ಒಂದು ಪೆನ್ ಡ್ರೈವ್‌ನ ಮೂಲೆಯಲ್ಲಿ ಕೂರುತ್ತದೆ.

ಯಂತ್ರ, ಡಿಸ್ಕ್, ಲೇಬಲ್

ಇನ್‌ಸ್ಟಾಲ್ ಮಾಡುವ ಮೊದಲು ಕಾಗದದ ಮೇಲೆ ಒಂದು ಗುಣಾಕಾರ ಮಾಡಬೇಕು. ಉಳಿಸಬೇಕಾದ ಸೆಕೆಂಡುಗಳು, ಸೆಕೆಂಡಿಗೆ ಬರುವ ಅಳತೆಗಳು, ಅಳತೆಗೆ ಬೇಕಾದ ಬೈಟ್‌ಗಳು ಈ ಮೂರನ್ನು ಗುಣಿಸಿದರೆ ಬೇಕಾದ ಡಿಸ್ಕ್ ಸಿಗುತ್ತದೆ. 200 ಸರ್ವರ್‌ಗಳಿವೆ, ಪ್ರತಿಯೊಂದರಲ್ಲೂ 8 ಕೋರ್, ಪ್ರತಿ ಕೋರ್‌ನ ಸಮಯ ಎಲ್ಲಿ ಹೋಯಿತೆಂದು ಹೇಳಲು 8 ಬಗೆ. ಸಿಪಿಯು ಒಂದಕ್ಕೇ 12,800 ಸರಣಿಗಳಾದವು. 15 ಸೆಕೆಂಡಿಗೊಮ್ಮೆ ಅಳೆದರೆ ದಿನಕ್ಕೆ 7 ಕೋಟಿ 37 ಲಕ್ಷ ಅಳತೆಗಳು, ಸುಮಾರು 110 ಮೆಗಾಬೈಟ್. ಪ್ರೊಮೀಥಿಯಸ್ ತಾನಾಗಿ ಉಳಿಸಿಕೊಳ್ಳುವ ಅವಧಿ 15 ದಿನ. ಆ ಲೆಕ್ಕಕ್ಕೆ 1.7 ಗಿಗಾಬೈಟ್ ಸಾಕು. ಇದು ಭಯಪಡುವ ಅಂಕಿಯಲ್ಲ.

ಭಯಪಡಬೇಕಾದದ್ದು ಲೇಬಲ್‌ಗಳಿಗೆ. ಪ್ರತಿ ಅಳತೆಗೂ ಸರ್ವರ್‌ನ ಹೆಸರು, ಊರು, ಕೋರ್ ಸಂಖ್ಯೆ ಹೀಗೆ ಗುರುತುಗಳನ್ನು ಅಂಟಿಸುತ್ತಾರೆ. ಒಂದೊಂದು ಹೊಸ ಗುರುತಿನ ಜೋಡಣೆಯೂ ಒಂದೊಂದು ಹೊಸ ಸರಣಿ. ಯಾರೋ ಒಬ್ಬ ಡೆವಲಪರ್ ಅನುಕೂಲಕ್ಕೆಂದು ಗ್ರಾಹಕರ ಸಂಖ್ಯೆಯನ್ನೂ ಲೇಬಲ್ ಮಾಡಿದರೆ, ಒಂದು ಲಕ್ಷ ಗ್ರಾಹಕರಿರುವ ಕಡೆ ನೂರು ಸರಣಿಗಳು ಒಂದು ಕೋಟಿಯಾಗುತ್ತವೆ. ಡಿಸ್ಕ್‌ಗಿಂತ ಮೊದಲು ರ‍್ಯಾಮ್ ಮುಗಿಯುತ್ತದೆ, ಲಿನಕ್ಸ್ ಕರ್ನಲ್ ತನ್ನನ್ನು ಉಳಿಸಿಕೊಳ್ಳಲು ಡೇಟಾಬೇಸನ್ನೇ ಕೊಲ್ಲುತ್ತದೆ, ಮತ್ತೆ ಎದ್ದ ಡೇಟಾಬೇಸ್ ಹಳೆಯ ಲಾಗ್ ಓದುತ್ತ ಬಹಳ ಹೊತ್ತು ಕೂರುತ್ತದೆ. ಇನ್‌ಫ್ಲಕ್ಸ್‌ಡಿಬಿಯ ಮೊದಲ ಪೀಳಿಗೆಯಲ್ಲಿ ಒಂದು ಡೇಟಾಬೇಸ್‌ಗೆ 10 ಲಕ್ಷ ಸರಣಿ, ಒಂದು ಟ್ಯಾಗ್‌ಗೆ ಒಂದು ಲಕ್ಷ ಬೆಲೆ ಎಂಬ ಮಿತಿಯನ್ನು ತಯಾರಕರೇ ಹಾಕಿಟ್ಟದ್ದು ಇದಕ್ಕಾಗಿ. ಆ ಮಿತಿಯನ್ನು ಸಿಟ್ಟಿನಲ್ಲಿ ಸೊನ್ನೆ ಮಾಡಿ ತೆಗೆದುಹಾಕುವವರು ಅದು ಯಾಕಿತ್ತೆಂದು ಒಮ್ಮೆ ಯೋಚಿಸಬೇಕು.

ಯಂತ್ರದ ಬಗ್ಗೆ ಹೇಳುವುದು ಕಡಿಮೆ. 64 ಬಿಟ್ ಆಪರೇಟಿಂಗ್ ಸಿಸ್ಟಮ್ ಇರಲೇಬೇಕು. ಇಂಥ ಹಲವು ಡೇಟಾಬೇಸ್‌ಗಳು ಕಡತಗಳನ್ನು ನೇರವಾಗಿ ಸ್ಮೃತಿಯ ವಿಳಾಸಕ್ಕೆ ಜೋಡಿಸಿಕೊಳ್ಳುವುದರಿಂದ 32 ಬಿಟ್‌ನ ವಿಳಾಸಗಳು ಬೇಗ ಮುಗಿಯುತ್ತವೆ. ಎಸ್‌ಎಸ್‌ಡಿ ಒಳ್ಳೆಯದು. ರಾಸ್ಪ್‌ಬೆರಿ ಪೈ ಬಳಸುವವರು ಎಸ್‌ಡಿ ಕಾರ್ಡ್ ಮೇಲೆ ನಿರಂತರ ಬರೆಸಬಾರದು, ಅದು ಸವೆದುಹೋಗುತ್ತದೆ. ದತ್ತಾಂಶಕ್ಕೆ ಪ್ರತ್ಯೇಕ ಪಾರ್ಟಿಷನ್ ಕೊಟ್ಟರೆ ಅದು ತುಂಬಿದರೂ ಸರ್ವರ್‌ನ ಉಳಿದ ಕೆಲಸ ನಿಲ್ಲುವುದಿಲ್ಲ. ನೆಟ್‌ವರ್ಕ್ ಮೇಲಿನ ಎನ್‌ಎಫ್‌ಎಸ್ ಡಿಸ್ಕನ್ನು ಪ್ರೊಮೀಥಿಯಸ್ ಬೆಂಬಲಿಸುವುದೇ ಇಲ್ಲ.

ಪ್ರೊಮೀಥಿಯಸ್: ಹೆಜ್ಜೆ ಹೆಜ್ಜೆಯಾಗಿ

ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲಿ ಪ್ರೊಮೀಥಿಯಸ್ ಸಿದ್ಧವಾಗಿಯೇ ಇದೆ, ಆಪ್ಟ್ ಆಜ್ಞೆಯ ಒಂದು ಸಾಲಿಗೆ ಬರುತ್ತದೆ. ಆ ಆವೃತ್ತಿ ಸ್ವಲ್ಪ ಹಳೆಯದಿರುತ್ತದೆ. ಹೊಸದೇ ಬೇಕೆನ್ನುವವರು ಯೋಜನೆಯವರು ಬಿಡುಗಡೆ ಮಾಡುವ ಕಟ್ಟನ್ನು ಇಳಿಸಿಕೊಳ್ಳುತ್ತಾರೆ. ಇಳಿಸಿದ ಮೇಲೆ ಎಸ್‌ಎಚ್‌ಎ 256 ಮೊತ್ತವನ್ನು ಪ್ರಕಟಿತ ಮೊತ್ತದೊಡನೆ ತಾಳೆ ನೋಡುವುದು ಬಿಡಬಾರದ ಕ್ರಮ.

ಕಟ್ಟು ಬಿಚ್ಚಿದರೆ ಮುಖ್ಯವಾಗಿ ಎರಡು ಕಾರ್ಯಕಡತಗಳು ಸಿಗುತ್ತವೆ: ಪ್ರೊಮೀಥಿಯಸ್ ಮತ್ತು ಪ್ರೊಮ್‌ಟೂಲ್. ಇವು ಗೋ ಭಾಷೆಯಲ್ಲಿ ಬರೆದವು, ಬೇರೆ ಲೈಬ್ರರಿಗಳ ಹಂಗಿಲ್ಲ. ಮೊದಲು ಲಾಗಿನ್ ಆಗಲು ಬಾರದ, ಮನೆ ಡೈರೆಕ್ಟರಿ ಇಲ್ಲದ ಒಬ್ಬ ಸಿಸ್ಟಮ್ ಬಳಕೆದಾರನನ್ನು ಸೃಷ್ಟಿಸಬೇಕು. ರೂಟ್ ಆಗಿ ಡೇಟಾಬೇಸ್ ಓಡಿಸುವುದು ಅಪಾಯ. ಅದರಲ್ಲಿ ದೋಷವೊಂದು ಸಿಕ್ಕರೆ ಇಡೀ ಯಂತ್ರವೇ ಪರರ ಪಾಲಾಗುತ್ತದೆ. ಕಾರ್ಯಕಡತಗಳು ಯೂಸರ್ ಲೋಕಲ್ ಬಿನ್ ಡೈರೆಕ್ಟರಿಗೆ, ಸಂರಚನೆ ಇಟಿಸಿ ಕೆಳಗಿನ ಪ್ರೊಮೀಥಿಯಸ್ ಡೈರೆಕ್ಟರಿಗೆ, ದತ್ತಾಂಶ ವಾರ್ ಲಿಬ್ ಕೆಳಗೆ. ಕೊನೆಯದರ ಒಡೆತನವನ್ನು ಹೊಸ ಬಳಕೆದಾರನಿಗೆ ಚೌನ್ ಆಜ್ಞೆಯಿಂದ ಬರೆದುಕೊಡಬೇಕು.

ಸಂರಚನಾ ಕಡತ ಯಾಮಲ್ ರೂಪದ್ದು. ಅಲ್ಲಿ ಟ್ಯಾಬ್ ಒತ್ತುವಂತಿಲ್ಲ, ಸ್ಪೇಸ್‌ಗಳೇ ಆಗಬೇಕು. ಬರೆದಾದ ಮೇಲೆ ಪ್ರೊಮ್‌ಟೂಲ್‌ಗೆ ಚೆಕ್ ಕಾನ್ಫಿಗ್ ಎಂದರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಅದೇ ಹೇಳುತ್ತದೆ. ಆಮೇಲೆ ಸಿಸ್ಟಮ್‌ಡಿಗೆ ಒಂದು ಸರ್ವಿಸ್ ಕಡತ: ಯಾವ ಬಳಕೆದಾರ, ಯಾವ ಆಜ್ಞೆ, ಬಿದ್ದರೆ ಮತ್ತೆ ಏಳಿಸಬೇಕೇ. ಹೊಸಬರು ಹೆಚ್ಚಾಗಿ ಎಡವುವ ಕಲ್ಲು ಇಲ್ಲಿದೆ. ದತ್ತಾಂಶ ಎಲ್ಲಿಡಬೇಕೆಂದು ಆಜ್ಞೆಯಲ್ಲಿ ಹೇಳದಿದ್ದರೆ ಪ್ರೊಮೀಥಿಯಸ್ ತಾನಿರುವ ಜಾಗದಲ್ಲಿ ಡೇಟಾ ಎಂಬ ಡೈರೆಕ್ಟರಿ ಹುಡುಕುತ್ತದೆ. ಕೈಯಿಂದ ಓಡಿಸಿ ನೋಡಿದಾಗ ಎಲ್ಲ ಸರಿ. ಸಿಸ್ಟಮ್‌ಡಿ ಓಡಿಸುವಾಗ ಮಾತ್ರ ಆ ಜಾಗ ಕಡತವ್ಯವಸ್ಥೆಯ ಬುಡ, ಅಲ್ಲಿ ಬರೆಯಲು ಈ ಬಳಕೆದಾರನಿಗೆ ಹಕ್ಕಿಲ್ಲ. ‘ಅನುಮತಿ ಇಲ್ಲ’ ಎಂಬ ದೂರಿನೊಂದಿಗೆ ಸರ್ವಿಸ್ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಸಂಗ್ರಹದ ಹಾದಿಯನ್ನು ಸ್ಪಷ್ಟವಾಗಿ ಬರೆದರೆ ಕಲ್ಲು ಸರಿಯುತ್ತದೆ. ಇಂಥ ದೂರುಗಳನ್ನೆಲ್ಲ ಓದುವ ಜಾಗ ಜರ್ನಲ್‌ಸಿಟಿಎಲ್.

ಸರ್ವಿಸ್ ಎದ್ದ ಮೇಲೆ 9090 ಪೋರ್ಟ್‌ನಲ್ಲಿ ಪುಟ ತೆರೆಯುತ್ತದೆ. ಪ್ರೊಮೀಥಿಯಸ್ ಬೇರೆಯವರು ಕಳಿಸಲೆಂದು ಕಾಯುವುದಿಲ್ಲ, ತಾನೇ ಹೋಗಿ ಅಳತೆ ಎಳೆದು ತರುತ್ತದೆ. ಮೊದಲ ದಿನ ಅದರ ಪಟ್ಟಿಯಲ್ಲಿರುವುದು ತಾನೊಬ್ಬನೇ. ಪ್ರತಿ ಲಿನಕ್ಸ್ ಯಂತ್ರದಲ್ಲೂ ನೋಡ್ ಎಕ್ಸ್‌ಪೋರ್ಟರ್ ಎಂಬ ಪುಟ್ಟ ಕಾರ್ಯಕ್ರಮ ಹಾಕಿದರೆ ಅದು 9100 ಪೋರ್ಟ್‌ನಲ್ಲಿ ಸಿಪಿಯು, ಸ್ಮೃತಿ, ಡಿಸ್ಕ್, ನೆಟ್‌ವರ್ಕ್ ಅಂಕಿಗಳನ್ನು ತೆರೆದಿಡುತ್ತದೆ. ಆ ಯಂತ್ರಗಳನ್ನು ಪಟ್ಟಿಗೆ ಸೇರಿಸಿ ‘ಅಪ್’ ಎಂದು ಎರಡಕ್ಷರದ ಪ್ರಶ್ನೆ ಕೇಳಿದರೆ ಮುಟ್ಟಲಾದ ಯಂತ್ರಗಳಿಗೆ 1, ಮುಟ್ಟಲಾಗದವುಗಳಿಗೆ 0 ಬರುತ್ತದೆ. ನಕ್ಷೆಗಳಿಗೆ ಸ್ವೀಡನ್‌ನ ಟೋರ್ಕಲ್ ಓಡೆಗಾರ್ಡ್ 2014ರಲ್ಲಿ ಆರಂಭಿಸಿದ ಗ್ರಾಫಾನಾ ಜೊತೆಗೂಡುತ್ತದೆ.

ಡಾಕರ್‌ನಲ್ಲಿ ಓಡಿಸುವವರಿಗೆ ಎರಡೇ ಮಾತು. ದತ್ತಾಂಶಕ್ಕೆ ಹೊರಗಿನ ವಾಲ್ಯೂಮ್ ಕೊಡದಿದ್ದರೆ ಕಂಟೇನರ್ ಅಳಿಸಿದ ದಿನ ಇತಿಹಾಸವೂ ಅಳಿಯುತ್ತದೆ. ಹೊರಗಿನ ಡೈರೆಕ್ಟರಿ ಕೊಟ್ಟರೆ ಅದರ ಒಡೆತನ 65534 ಸಂಖ್ಯೆಯ ಬಳಕೆದಾರನಿಗೆ ಇರಬೇಕು, ಯಾಕೆಂದರೆ ಅಧಿಕೃತ ಇಮೇಜ್ ಓಡುವುದು ಆ ಹೆಸರಿನಲ್ಲಿ.

ಟೈಮ್‌ಸ್ಕೇಲ್ ಮತ್ತು ಇನ್‌ಫ್ಲಕ್ಸ್

ಪೋಸ್ಟ್‌ಗ್ರೆಸ್ ಬಲ್ಲವರಿಗೆ ಟೈಮ್‌ಸ್ಕೇಲ್‌ಡಿಬಿ ಹತ್ತಿರದ ನೆಂಟ. ಭಂಡಾರದ ವಿಳಾಸ ಸೇರಿಸಿ, ಪೋಸ್ಟ್‌ಗ್ರೆಸ್ ಆವೃತ್ತಿಗೆ ಹೊಂದುವ ಪ್ಯಾಕೇಜ್ ಹಾಕಿದ ಮೇಲೆ ಪೋಸ್ಟ್‌ಗ್ರೆಸ್‌ನ ಸಂರಚನೆಯಲ್ಲಿ, ಮೊದಲೇ ಹೊತ್ತುಕೊಳ್ಳಬೇಕಾದ ಲೈಬ್ರರಿಗಳ ಸಾಲಿಗೆ ಅದರ ಹೆಸರು ಬರೆದು ಸರ್ವರ್ ಮರುಚಾಲನೆ ಮಾಡಬೇಕು. ಈ ಸಾಲು ಮರೆತವರಿಗೆ ಎಕ್ಸ್‌ಟೆನ್ಷನ್ ಸೃಷ್ಟಿಸುವಾಗ ದೋಷ ಬರುತ್ತದೆ. ರ‍್ಯಾಮ್ ನೋಡಿ ಉಳಿದ ಅಂಕಿಗಳನ್ನು ಹೊಂದಿಸಲು ಟ್ಯೂನ್ ಎಂಬ ಉಪಕರಣವನ್ನು ತಯಾರಕರೇ ಕೊಟ್ಟಿದ್ದಾರೆ.

ಟೇಬಲ್ ಒಂದನ್ನು ಹೈಪರ್‌ಟೇಬಲ್ ಮಾಡಿದರೆ ಹೊರಗಿನಿಂದ ಅದು ಒಂದೇ ಟೇಬಲ್, ಒಳಗೆ ಏಳೇಳು ದಿನದ ತುಂಡುಗಳು. ಹೊಸ ತುಂಡಿನ ಸೂಚಿ ರ‍್ಯಾಮ್‌ನಲ್ಲಿ ಹಿಡಿಸುತ್ತದೆ, ಆದ್ದರಿಂದ ಬರವಣಿಗೆ ಕುಂಟುವುದಿಲ್ಲ. ಹಳೆಯದನ್ನು ತೆಗೆಯುವಾಗ ಸಾಲು ಸಾಲಾಗಿ ಅಳಿಸದೆ ತುಂಡನ್ನೇ ಕಿತ್ತು ಹಾಕಬಹುದು. ಯೂನಿಕ್ ಸೂಚಿ ಬೇಕೆಂದರೆ ಅದರಲ್ಲಿ ಹೊತ್ತಿನ ಅಂಕಣವೂ ಸೇರಿರಬೇಕು ಎಂಬ ನಿಯಮವನ್ನು ಟೇಬಲ್ ವಿನ್ಯಾಸದ ದಿನವೇ ನೆನಪಿಡಬೇಕು. ಮಳೆಮಾಪಕ ಯಾವ ಹೋಬಳಿಯದು, ಯಾವಾಗ ದುರಸ್ತಿಯಾಯಿತು ಎಂಬಂಥ ಮಾಹಿತಿಯನ್ನು ಬೇರೆ ಟೇಬಲ್‌ನಲ್ಲಿಟ್ಟು ಜೋಡಿಸಿ ಕೇಳಲು ಇಲ್ಲಿ ಪೂರ್ಣ ಎಸ್‌ಕ್ಯುಎಲ್ ಇದೆ. ಇದು ಇದರ ನಿಜವಾದ ಬಲ.

ಇನ್‌ಫ್ಲಕ್ಸ್‌ಡಿಬಿಯ ಹೆಗ್ಗಳಿಕೆ ಅದರ ಸರಳ ಬರವಣಿಗೆ. ಅಳತೆಯ ಹೆಸರು, ಟ್ಯಾಗ್‌ಗಳು, ಬೆಲೆಗಳು, ನ್ಯಾನೋಸೆಕೆಂಡಿನಲ್ಲಿ ಹೊತ್ತು, ಎಲ್ಲ ಒಂದೇ ಸಾಲಿನಲ್ಲಿ. ಯೂನಿಕೋಡ್ ಒಪ್ಪುವುದರಿಂದ ಸಾಲು ಪೂರ್ತಿ ಕನ್ನಡದಲ್ಲಿದ್ದರೂ ಸರಿ. ಒಂದು ಮಾದರಿ:

ಜಲಾಶಯ,ಹೆಸರು=ಕೃಷ್ಣರಾಜಸಾಗರ ಮಟ್ಟ=124.80 1735689600000000000

ಕೊನೆಯ ಉದ್ದನೆಯ ಅಂಕಿ, ಭಾರತದ ಗಡಿಯಾರದ ಪ್ರಕಾರ, 2025ರ ಜನವರಿ 1ರ ಬೆಳಗ್ಗೆ 5.30. ಪ್ರೊಮೀಥಿಯಸ್ ಕೂಡ 2024ರ ನವೆಂಬರ್‌ನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಅಳತೆ ಮತ್ತು ಲೇಬಲ್‌ಗಳ ಹೆಸರಲ್ಲಿ ಯೂನಿಕೋಡ್ ಒಪ್ಪುತ್ತದೆ. ಕನ್ನಡದ ಹೆಸರುಗಳಿಗೆ ಬಾಗಿಲು ತೆರೆದದ್ದು ಸಂತೋಷದ ಸಂಗತಿ.

ಇನ್‌ಫ್ಲಕ್ಸ್ ಹಾಕುವಾಗ ಆವೃತ್ತಿಯ ಆಯ್ಕೆಯೇ ದೊಡ್ಡ ಪ್ರಶ್ನೆ. ಮೊದಲ ಪೀಳಿಗೆಯ ಭಾಷೆ ಇನ್‌ಫ್ಲಕ್ಸ್‌ಕ್ಯುಎಲ್. 2020ರ ಎರಡನೆಯ ಪೀಳಿಗೆ ಫ್ಲಕ್ಸ್ ಎಂಬ ಹೊಸ ಭಾಷೆಯನ್ನು ಮುಂದೆ ತಂದಿತು. ರಸ್ಟ್‌ನಲ್ಲಿ ಹೊಸದಾಗಿ ಬರೆದು 2025ರಲ್ಲಿ ಬಿಟ್ಟ ಮೂರನೆಯ ಪೀಳಿಗೆಯಲ್ಲಿ ಫ್ಲಕ್ಸ್ ಇಲ್ಲ, ಎಸ್‌ಕ್ಯುಎಲ್ ಇದೆ. ಪೋರ್ಟ್ ಕೂಡ 8086ರಿಂದ 8181ಕ್ಕೆ ಬದಲಾಯಿತು. ಹಳೆಯ ಲೇಖನ ನೋಡಿ ಹೊಸ ಆವೃತ್ತಿ ಹಾಕಲು ಹೊರಟವರಿಗೆ ಅನೇಕ ಆಜ್ಞೆಗಳು ಹೊಂದುವುದಿಲ್ಲ. ಹೊರಗಿನ ಭಂಡಾರದಿಂದ ತರುವ ಪ್ಯಾಕೇಜ್‌ಗಳಿಗೆ ಸಹಿಯ ಕೀಲಿಯೂ ಬೇಕು. 2023ರ ಜನವರಿಯಲ್ಲಿ ಇನ್‌ಫ್ಲಕ್ಸ್‌ನವರು ಆ ಕೀಲಿ ಬದಲಿಸಿದಾಗ, ಹಳೆಯ ಕೀಲಿಯನ್ನೇ ನಂಬಿದ್ದ ಸರ್ವರ್‌ಗಳಲ್ಲಿ ಹೊಸ ಕೀಲಿ ತರಿಸಿಕೊಳ್ಳುವವರೆಗೆ ಅಪ್‌ಡೇಟ್ ಸಾಗಲಿಲ್ಲ. ದೋಷಸೂಚನೆ ಓದದೆ ಸಹಿಯ ಪರೀಕ್ಷೆಯನ್ನೇ ನಿಲ್ಲಿಸುವುದು ಕೆಟ್ಟ ಪರಿಹಾರ.

ಗಡಿಯಾರ

ಈ ಡೇಟಾಬೇಸ್‌ಗಳು ಒಳಗೆ ಹೊತ್ತನ್ನು ಇಡುವುದು ಯುಟಿಸಿಯಲ್ಲಿ; ಪ್ರೊಮೀಥಿಯಸ್ ಮತ್ತು ಇನ್‌ಫ್ಲಕ್ಸ್ ಅದನ್ನು 1970ರ ಜನವರಿ 1ರಿಂದ ಎಣಿಸುತ್ತವೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಿನದ ಮೊತ್ತ ಕೊಡು ಎಂದು ಸುಮ್ಮನೆ ಕೇಳಿದರೆ ಡೇಟಾಬೇಸ್ ಲೆಕ್ಕ ಹಾಕುವ ದಿನ ಶುರುವಾಗುವುದು ನಮ್ಮ ಬೆಳಗಿನ ಐದೂವರೆಗೆ. ನಸುಕಿನ ನಾಲ್ಕಕ್ಕೆ ಸುರಿದ ಮಳೆ ಹಿಂದಿನ ದಿನದ ಖಾತೆಗೆ ಹೋಗುತ್ತದೆ. ಮಳೆಯ ವಿಷಯದಲ್ಲಿ ಇನ್ನೊಂದು ಸುತ್ತು ಇದೆ: ಭಾರತೀಯ ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ, ಅಂದರೆ ಯುಟಿಸಿಯ 3 ಗಂಟೆಯಿಂದ. ಹಾಗಾಗಿ ದಿನವನ್ನು ಮೂರು ಗಂಟೆ ಮುಂದೂಡಿ ಗುಂಪು ಮಾಡುವಂತೆ ಹೇಳಬೇಕು. ಇನ್‌ಫ್ಲಕ್ಸ್‌ಕ್ಯುಎಲ್‌ನಲ್ಲೂ ಟೈಮ್‌ಸ್ಕೇಲ್‌ನಲ್ಲೂ ಇದಕ್ಕೆ ಅನುಕೂಲವಿದೆ. ಇದನ್ನು ಮರೆತು ಮಾಡಿದ ತಾಲೂಕುವಾರು ಮಳೆ ಪಟ್ಟಿ ಸರ್ಕಾರಿ ಅಂಕಿಗಳೊಂದಿಗೆ ಎಂದೂ ತಾಳೆಯಾಗದು.

ಸರ್ವರ್‌ನ ಗಡಿಯಾರವೂ ನೆಟ್ಟಗಿರಬೇಕು. ಕ್ರೋನಿ ಎಂಬ ಸೇವೆ ಎನ್‌ಟಿಪಿ ಮೂಲಕ ಅದನ್ನು ತಿದ್ದುತ್ತಲೇ ಇರುತ್ತದೆ. ಡೇಟಾಬೇಸ್ ಹಾಕುವ ಮೊದಲು ಅದು ಓಡುತ್ತಿದೆಯೇ ಎಂದು ನೋಡಿಕೊಳ್ಳಬೇಕು. 32 ಬಿಟ್‌ನಲ್ಲಿ ಸೆಕೆಂಡು ಎಣಿಸುವ ಹಳೆಯ ಯಂತ್ರಗಳ ಎಣಿಕೆ 2038ರ ಜನವರಿ 19ಕ್ಕೆ ಮುಗಿಯುತ್ತದೆ. 64 ಬಿಟ್‌ನಲ್ಲಿ ನ್ಯಾನೋಸೆಕೆಂಡು ಎಣಿಸುವವರಿಗೆ 2262ರವರೆಗೆ ಅವಕಾಶವಿದೆ, ಹಿಂದಕ್ಕೆ 1677ರವರೆಗೆ.

ಬಾಗಿಲು ಮತ್ತು ಬ್ಯಾಕಪ್

ಪ್ರೊಮೀಥಿಯಸ್ ಹುಟ್ಟಿನಿಂದಲೇ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಕಿವಿಗೊಡುತ್ತದೆ, ಗುಪ್ತಪದ ಕೇಳುವುದಿಲ್ಲ. 2021ರ ಜನವರಿಯ 2.24 ಆವೃತ್ತಿಯವರೆಗೆ ಕೇಳುವ ಸೌಲಭ್ಯವೇ ಇರಲಿಲ್ಲ. ಇನ್‌ಫ್ಲಕ್ಸ್‌ನ ಮೊದಲ ಪೀಳಿಗೆಯಲ್ಲೂ ದೃಢೀಕರಣ ಮೊದಲಿಗೆ ಆಫ್ ಆಗಿರುತ್ತದೆ; ಆನ್ ಮಾಡಿದವರಿಗೂ 1.7.6ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಒಂದು ರಂಧ್ರವಿತ್ತು. ರಹಸ್ಯ ಪದವನ್ನು ಖಾಲಿ ಬಿಟ್ಟಿದ್ದರೆ ಯಾರು ಬೇಕಾದರೂ ಸುಳ್ಳು ಟೋಕನ್ ಹಿಡಿದು ಒಳಬರಬಹುದಿತ್ತು. ಅಂಕಿಗಳೇ ತಾನೇ, ಕದ್ದರೇನು ಎನ್ನುವಂತಿಲ್ಲ. ಯಾವ ಸರ್ವರ್ ಎಲ್ಲಿದೆ, ಯಾವ ತಂತ್ರಾಂಶದ ಯಾವ ಆವೃತ್ತಿ ಓಡುತ್ತಿದೆ ಎಂಬುದೆಲ್ಲ ಲೇಬಲ್‌ಗಳಲ್ಲೇ ಬರೆದಿರುತ್ತದೆ. ಪೋರ್ಟನ್ನು ಲೋಕಲ್‌ಹೋಸ್ಟ್‌ಗೆ ಕಟ್ಟಿ, ಮುಂದೆ ಎಂಜಿನ್‌ಎಕ್ಸ್ ನಿಲ್ಲಿಸಿ ಟಿಎಲ್‌ಎಸ್ ಕೊಟ್ಟು, ಫೈರ್‌ವಾಲ್‌ನಲ್ಲಿ ಬೇಕಾದವರಿಗಷ್ಟೇ ದಾರಿ ಬಿಡುವುದು ಒಪ್ಪುವ ಕ್ರಮ.

ಓಡುತ್ತಿರುವ ಡೇಟಾಬೇಸ್‌ನ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಪ್ರೊಮೀಥಿಯಸ್‌ಗೆ ಸ್ನ್ಯಾಪ್‌ಶಾಟ್ ಸೌಲಭ್ಯವಿದೆ, ಆದರೆ ಅದು ಅದೇ ಡಿಸ್ಕ್‌ನಲ್ಲಿ ಹಾರ್ಡ್ ಲಿಂಕ್‌ಗಳನ್ನು ಮಾಡುತ್ತದೆ. ಅಲ್ಲಿಂದ ಬೇರೆ ಯಂತ್ರಕ್ಕೆ ಸಾಗಿಸದಿದ್ದರೆ ಡಿಸ್ಕ್ ಸತ್ತಾಗ ಎರಡೂ ಹೋಗುತ್ತವೆ. ಟೈಮ್‌ಸ್ಕೇಲ್‌ಗೆ ಪೋಸ್ಟ್‌ಗ್ರೆಸ್‌ನ ಪಳಗಿದ ಉಪಕರಣಗಳೇ ಆಗುತ್ತವೆ. ಬ್ಯಾಕಪ್ ತೆಗೆದದ್ದನ್ನು ಬೇರೊಂದು ಯಂತ್ರದಲ್ಲಿ ಮರಳಿ ತೆರೆದು, ಹಳೆಯ ಒಂದು ವಾರದ ನಕ್ಷೆ ಮೂಡುತ್ತದೆಯೇ ಎಂದು ನೋಡುವವರೆಗೆ ಕೆಲಸ ಮುಗಿದಂತಲ್ಲ.

ಆಯ್ಕೆಯ ವಿಷಯದಲ್ಲಿ ಅನುಭವಿಗಳ ನಡುವೆ ಹೆಚ್ಚಿನ ಜಗಳವಿಲ್ಲ. ಸರ್ವರ್‌ಗಳ ಆರೋಗ್ಯ ನೋಡಲು, ತೊಂದರೆಯಾದಾಗ ಎಚ್ಚರಿಸಲು ಪ್ರೊಮೀಥಿಯಸ್ ಸಾಕು. ತಿಂಗಳುಗಟ್ಟಲೆ ಉಳಿಸಬೇಕಾದರೆ ಜೊತೆಗೆ ವಿಕ್ಟೋರಿಯಾಮೆಟ್ರಿಕ್ಸ್. ಒಂದೊಂದು ಅಂಕಿಯೂ ಲೆಕ್ಕಕ್ಕೆ ಬರುವ ಬಿಲ್ಲಿಂಗ್‌ನಂಥ ಕೆಲಸಕ್ಕೆ ತಾನು ತಕ್ಕುದಲ್ಲ ಎಂದು ಪ್ರೊಮೀಥಿಯಸ್‌ನ ಕೈಪಿಡಿಯೇ ಹೇಳುತ್ತದೆ. ಮಳೆ, ವಿದ್ಯುತ್ ಮೀಟರ್, ಕೊಳವೆಬಾವಿಯ ನೀರಿನ ಮಟ್ಟದಂಥ ದಾಖಲೆಗಳು ಹತ್ತಿಪ್ಪತ್ತು ವರ್ಷ ನಿಲ್ಲಬೇಕಾದವು, ಬೇರೆ ಟೇಬಲ್‌ಗಳೊಂದಿಗೆ ಕೂಡಿಸಿ ಓದಬೇಕಾದವು. ಅವುಗಳಿಗೆ ಪೋಸ್ಟ್‌ಗ್ರೆಸ್ ಮೇಲಿನ ಟೈಮ್‌ಸ್ಕೇಲ್‌ಡಿಬಿಯೇ ಸದ್ಯಕ್ಕೆ ಭದ್ರವಾದ ಆಯ್ಕೆ.